ನನ್ನ ದನಿ ಚೆನ್ನಾಗಿಲ್ಲ. ಒಳ್ಳೆ ಮೈಕ್ ಕೊಂಡು, ತರಬೇತಿ ಪಡೆದು, ಆಮೇಲೆ ಪುಸ್ತಕಗಳ ಓದನ್ನು ಪುಕ್ಕಟೆ ಕೇಳಿಸುವ ಜಾಲತಾಣ ಲಿಬ್ರಿವಾಕ್ಸ್‌ಗೆ ಒಂದು ಹಳೆಯ ಕನ್ನಡ ಕಾದಂಬರಿ ಓದಿಕೊಡಲಾ? ಪೂರ್ತಿ ಪುಸ್ತಕ ಓದಿ, ಎಲ್ಲ ಸರಿ ಮಾಡಿಕೊಂಡು ಒಟ್ಟಿಗೆ ಕಳಿಸುತ್ತೇನೆ.

ತರಬೇತಿ ಬೇಡ. ಮೈಕ್ ಬಗ್ಗೆ ಕೊನೆಗೆ ಹೇಳುತ್ತೇನೆ. ದನಿಯ ಚಿಂತೆ ನನಗೂ ಇತ್ತು, ಅದರಲ್ಲೇ ಮುಳುಗಿ ನಿಜವಾಗಿ ನೋಡಬೇಕಾದ್ದನ್ನು ನೋಡಲೇ ಇಲ್ಲ. ನಿಮ್ಮ ಪ್ರಶ್ನೆಯಲ್ಲಿ ನನಗೆ ಗಾಬರಿ ಹುಟ್ಟಿಸಿದ್ದು ಕೊನೆಯ ಸಾಲು: ‘ಪೂರ್ತಿ ಪುಸ್ತಕ ಓದಿ, ಎಲ್ಲ ಸರಿ ಮಾಡಿಕೊಂಡು ಒಟ್ಟಿಗೆ ಕಳಿಸುತ್ತೇನೆ’. ದಯವಿಟ್ಟು ಹಾಗೆ ಮಾಡಬೇಡಿ.

ನಾನು ಹಾಗೇ ಮಾಡಿದೆ. ಏನೂ ಗೊತ್ತಿಲ್ಲದೆ ಇಳಿದವನಲ್ಲ, ಲಿಬ್ರಿವಾಕ್ಸ್ ಬಗ್ಗೆ ಓದಿ ತಿಳಿದುಕೊಂಡೇ ಶುರು ಮಾಡಿದ್ದೆ. 2005ರ ಆಗಸ್ಟ್‌ನಲ್ಲಿ ಮಾಂಟ್ರಿಯಲ್‌ನ ಹ್ಯೂ ಮೆಕ್‌ಗೈರ್ ಅನ್ನುವವರು ಹುಟ್ಟುಹಾಕಿದ್ದು ಅದು. ಕಾಪಿರೈಟ್ ಮುಗಿದ ಪುಸ್ತಕವನ್ನು ಯಾರು ಬೇಕಾದರೂ ಓದಿಕೊಡಬಹುದು, ಯಾರು ಬೇಕಾದರೂ ಪುಕ್ಕಟೆ ಕೇಳಬಹುದು. ಅವರು ಮೊದಲು ಕೈಗೆತ್ತಿಕೊಂಡಿದ್ದು ಜೋಸೆಫ್ ಕಾನ್ರಾಡ್ ಅವರ ಒಂದು ಕಾದಂಬರಿ. ಅದನ್ನೂ ಹಲವರು ಅಧ್ಯಾಯ ಹಂಚಿಕೊಂಡು ಓದಿದ್ದರು. ಹೊಸಬರಿಗೆ ಈಗಲೂ ಸಿಗುವ ಸಲಹೆ ಅದೇ ದಾರಿಯದು: ಮೊದಲು ಒಂದು ನಿಮಿಷದ ಟೆಸ್ಟ್ ರೆಕಾರ್ಡಿಂಗ್ ಕಳಿಸಿ, ಆಮೇಲೆ ಗುಂಪಿನಲ್ಲಿ ಓದುತ್ತಿರುವ ಪುಸ್ತಕದ ಒಂದು ಅಧ್ಯಾಯವನ್ನೋ ಒಂದು ಪುಟ್ಟ ಪದ್ಯವನ್ನೋ ತೆಗೆದುಕೊಳ್ಳಿ. ನಾನು ಟೆಸ್ಟ್ ಕಳಿಸಿದೆ. ಸರಿಯಿದೆ ಅಂದರು. ಅಲ್ಲಿಗೆ ನನ್ನ ವಿನಯ ಮುಗಿಯಿತು. ಗುಂಪು ಗಿಂಪು ಬೇಡ, ಪುಸ್ತಕದ ಉದ್ದಕ್ಕೂ ಒಂದೇ ದನಿ ಇರಬೇಕು, ಅದು ನನ್ನದೇ ಆಗಿರಬೇಕು ಅಂತ ಒಂದು ದಪ್ಪ ಕಾದಂಬರಿ ಹಿಡಿದು ಕೂತೆ.

ಅಲ್ಲಿ ಪ್ರತಿ ರೆಕಾರ್ಡಿಂಗನ್ನೂ ಇನ್ನೊಬ್ಬರು ಮೊದಲಿಂದ ಕೊನೆಯವರೆಗೆ ಕೇಳಿ ನೋಡುತ್ತಾರೆ. ಅವರಿಗೆ ಪ್ರೂಫ್ ಲಿಸನರ್ ಅನ್ನುತ್ತಾರೆ. ಇಂಗ್ಲಿಷ್‌ಗೆ ಬೇಗ ಸಿಗುತ್ತಾರೆ. ಬೇರೆ ಭಾಷೆಯಾದರೆ ಆ ಭಾಷೆ ಬಲ್ಲವರೇ ಬೇಕಲ್ಲ, ಕಾಯಬೇಕಾಗುತ್ತದೆ. ನನಗೆ ಅಷ್ಟು ತಾಳ್ಮೆ ಎಲ್ಲಿತ್ತು? ಅವರು ಬಂದಾಗ ಬರಲಿ, ಅಷ್ಟರಲ್ಲಿ ಮುಂದಿನ ಅಧ್ಯಾಯ ಓದಿಡೋಣ ಅಂತ ಓದುತ್ತಲೇ ಹೋದೆ.

ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ‘ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಬೇಡಿ’ ಅಂದು ಸುಮ್ನೆ ಆಗಿಬಿಡುತ್ತಾರೆ. ನನ್ನ ಲ್ಯಾಪ್‌ಟಾಪಿನ ಫ್ಯಾನ್ ರೆಕಾರ್ಡಿಂಗಿನಲ್ಲಿ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಆಡಾಸಿಟಿ ಅನ್ನುವ, ರೆಕಾರ್ಡಿಂಗ್ ತಿದ್ದುವ ಸಾಫ್ಟ್‌ವೇರಿನಲ್ಲಿ ನಾಯ್ಸ್ ರಿಡಕ್ಷನ್ ಹಾಕಿ ಅದನ್ನು ತೆಗೆಯಬಹುದು. ಮಾತಿಲ್ಲದ ಒಂದೆರಡು ಸೆಕೆಂಡ್ ಆರಿಸಿ, ಬೇಡದ ಸದ್ದು ಇದು ಅಂತ ತೋರಿಸಬೇಕು. ಅದು ಆ ಸದ್ದಿನ ಗುರುತು ಇಟ್ಟುಕೊಂಡು, ಅಂಥದ್ದು ಸಿಕ್ಕಲ್ಲೆಲ್ಲ ತಗ್ಗಿಸುತ್ತಾ ಹೋಗುತ್ತದೆ. ಕೆಲಸ ಕೆಡುವುದು ಇಲ್ಲೇ. ಗುರುತು ಇಟ್ಟುಕೊಂಡ ಸದ್ದೂ ರೆಕಾರ್ಡಿಂಗಿನಲ್ಲಿರುವ ಸದ್ದೂ ಒಂದೇ ಆಗಿರಬೇಕು. ನಾನು ಮೊದಲ ಅಧ್ಯಾಯದಲ್ಲಿ ಗುರುತು ಮಾಡಿಸಿ ಅದನ್ನೇ ಎಲ್ಲ ಅಧ್ಯಾಯಗಳಿಗೂ ಹಾಕಿದೆ. ಲ್ಯಾಪ್‌ಟಾಪ್ ಒಂದು ದಿನ ಬಿಸಿಯಾಗಿ ಜೋರು ಸದ್ದು ಮಾಡುತ್ತದೆ, ಇನ್ನೊಂದು ದಿನ ತಣ್ಣಗಿರುತ್ತದೆ, ಮೈಕ್ ಒಂದು ಗೇಣು ಆಚೀಚೆ ಸರಿದಿರುತ್ತದೆ. ಸದ್ದು ಹೊಸದು, ಗುರುತು ಹಳೆಯದು. ಹಾಗಾಗಿ ಪೂರ್ತಿ ಹೋಗಲಿಲ್ಲ. ಹೋಗಲಿಲ್ಲ ಅಂತ ಇನ್ನೂ ಜಾಸ್ತಿ ಏರಿಸಿದೆ, ಕೆಲವು ಅಧ್ಯಾಯಗಳಿಗೆ ಎರಡೆರಡು ಸಲ ಹಾಕಿದೆ, ಆಗ ಅದು ಫ್ಯಾನ್ ಸದ್ದಿನ ಜೊತೆಗೆ ಮಾತನ್ನೂ ತಿನ್ನತೊಡಗಿತು. ಮೊದಲು ಹೋಗುವುದು ಮೆತ್ತಗಿನ ಸದ್ದುಗಳು. ಸ, ಶ, ಹ, ಮತ್ತೆ ವಾಕ್ಯದ ಕೊನೆಯಲ್ಲಿ ಇಳಿಯುವ ದನಿ. ಕನ್ನಡದಲ್ಲಿ ಯಾರು ಏನು ಮಾಡಿದರು ಅಂತ ಗೊತ್ತಾಗುವುದೇ ವಾಕ್ಯದ ಕೊನೆಯಲ್ಲಿ ಅಲ್ವಾ?

ನಿಮಗೇ ಕೇಳಿಸಲಿಲ್ಲವೇ ಅನ್ನಬಹುದು. ಇಲ್ಲ. ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಲ್ಲಿ ಕೇಳುತ್ತಿದ್ದೆ. ಅದೂ ನಾನೇ ಓದಿದ ಮಾತು, ಕಿವಿಗೆ ಬೀಳದ್ದನ್ನು ನೆನಪು ತುಂಬಿಕೊಡುತ್ತಿತ್ತು. ಫೈಲಿಗೆ ಅವರು ಕೇಳುವ ಅಳತೆಗಳೆಲ್ಲ ಸರಿಯಾಗಿದ್ದವು: ಎಂಪಿ3, 128 ಕೆಬಿಪಿಎಸ್, 44.1 ಕಿಲೋಹರ್ಟ್ಸ್, ಮೊನೊ, ದನಿಯ ಮಟ್ಟ ಸುಮಾರು 89 ಡೆಸಿಬಲ್, ಕೊನೆಗೆ 5 ಸೆಕೆಂಡ್ ಮೌನ. ಇವನ್ನು ನೋಡಲು ಚೆಕ್ಕರ್ ಅಂತ ಒಂದು ಸಾಫ್ಟ್‌ವೇರ್ ಇದೆ. ಅದು ಎಲ್ಲ ಫೈಲನ್ನೂ ಪಾಸ್ ಮಾಡಿತು. ಅದು ಅಂಕಿ ನೋಡುತ್ತದೆ, ಮಾತು ತಿಳಿಯುತ್ತದೆಯೋ ಇಲ್ಲವೋ ಅದಕ್ಕೇನು ಗೊತ್ತು. ಅಷ್ಟರಲ್ಲಿ ಡಿಸ್ಕ್ ತುಂಬಿತು. ಎಂಪಿ3 ಇದೆಯಲ್ಲ ಅಂತ ಏನೂ ತಿದ್ದದ ಮೂಲ ರೆಕಾರ್ಡಿಂಗುಗಳಾದ ವೇವ್ ಫೈಲುಗಳನ್ನೆಲ್ಲ ಅಳಿಸಿಬಿಟ್ಟೆ. ನನ್ನನ್ನು ಮುಳುಗಿಸಿದ್ದು ಇದೇ. ನಾಯ್ಸ್ ರಿಡಕ್ಷನ್ ಕೆಟ್ಟರೆ ಮೂಲ ತೆಗೆದುಕೊಂಡು ಮತ್ತೆ ಹಾಕಬಹುದು. ಮೂಲವೇ ಇಲ್ಲದಿದ್ದರೆ, ಹೋದ ಸದ್ದನ್ನು ವಾಪಸ್ ತರುವ ಬಟನ್ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ.

ಕಡೆಗೂ ಪ್ರೂಫ್ ಲಿಸನರ್ ಸಿಕ್ಕರು. ಮೊದಲ ಅಧ್ಯಾಯ ಕೇಳಿ ಬಹಳ ಮರ್ಯಾದೆಯಿಂದ ಬರೆದರು: ನೀರಿನೊಳಗಿಂದ ಮಾತಾಡಿದ ಹಾಗಿದೆ, ವಾಕ್ಯದ ಕೊನೆ ತಿಳಿಯುತ್ತಿಲ್ಲ, ಮೂಲ ಫೈಲ್ ಇದ್ದರೆ ಅದನ್ನೇ ಕಳಿಸಿ. ಇದ್ದರೆ ತಾನೇ. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಅವರು ಹೇಳಿದ್ದು ಕಮ್ಮಿಯೇ. ಮತ್ತೆ ಮೊದಲಿಂದ ಓದಲು ಕೂತೆ, ಆದರೆ ಓದಿದ್ದನ್ನೇ ಓದುವಾಗ ಬಾಯಿ ಮುಂದೆ ಓಡುತ್ತದೆ, ಮನಸ್ಸು ಬರುವುದಿಲ್ಲ. ಬಿಟ್ಟುಬಿಟ್ಟೆ. ಬಹಳ ಕಾಲ ಆ ಕಡೆ ತಲೆ ಹಾಕಲಿಲ್ಲ. ಮೊದಲ ಅಧ್ಯಾಯವನ್ನು ಯಾರಿಗಾದರೂ ಕೇಳಿಸಿದ್ದರೆ ಸಾಕಿತ್ತು. ಪ್ರೂಫ್ ಲಿಸನರೇ ಆಗಬೇಕಿರಲಿಲ್ಲ. ಆ ಪುಸ್ತಕ ಓದಿಲ್ಲದ ಗೆಳೆಯನೊಬ್ಬ ಹೆಡ್‌ಫೋನ್ ಹಾಕಿ ಐದು ನಿಮಿಷ ಕೇಳಿದ್ದರೂ ಹೇಳಿಬಿಡುತ್ತಿದ್ದ.

ಈಗ ನಿಮ್ಮ ದನಿಗೆ ಬರೋಣ. ಅಷ್ಟೆಲ್ಲ ಬರೆದ ಆ ಪ್ರೂಫ್ ಲಿಸನರ್ ನನ್ನ ದನಿ, ಉಚ್ಚಾರ, ಓದುವ ರೀತಿ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ಅಲ್ಲಿ ಅದನ್ನು ಬರೆಯುವ ಪದ್ಧತಿಯೇ ಇಲ್ಲ. ಅವರು ಹುಡುಕುವುದು ಎರಡು ಸಲ ಓದಿದ ಸಾಲು, ಬಿಟ್ಟುಹೋದ ಸಾಲು, ತೀರಾ ಉದ್ದದ ಮೌನ, ಹೊರಗಿನ ಸದ್ದು. ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಅಂತ ಗುರುತಿಸಿ ಕೊಡುತ್ತಾರೆ, ನಾವು ಅಷ್ಟನ್ನು ಸರಿ ಮಾಡಿ ಕಳಿಸುತ್ತೇವೆ. ಆಡಿಷನ್ ಇಲ್ಲ. ದನಿ ಚೆನ್ನಾಗಿಲ್ಲ ಅಂತ ಯಾರನ್ನೂ ವಾಪಸ್ ಕಳಿಸುವುದಿಲ್ಲ. ಅದಕ್ಕೇ ಅಲ್ಲಿ ಕೆಲವು ಓದು ಕೇಳಲಾಗುವುದಿಲ್ಲ, ನಾನೇ ಎಷ್ಟನ್ನೋ ಅರ್ಧಕ್ಕೆ ನಿಲ್ಲಿಸಿದ್ದೇನೆ. ಇರಲಿ. ಒಂದೇ ಪುಸ್ತಕವನ್ನು ಇನ್ನೊಬ್ಬರು ಮತ್ತೆ ಓದಬಹುದು, ಎರಡೂ ಅಲ್ಲೇ ಇರುತ್ತವೆ, ಕೇಳುವವರು ಆರಿಸಿಕೊಳ್ಳುತ್ತಾರೆ. ತರಬೇತಿ ಪಡೆದವರ ಓದು ನನಗಂತೂ ಎಷ್ಟೋ ಸಲ ನಾಟಕ ಅನಿಸುತ್ತದೆ. ಪಾತ್ರಕ್ಕೊಂದು ದನಿ ಮಾಡಲು ಮಾತ್ರ ಹೋಗಬೇಡಿ. ಪುಸ್ತಕದ ನಡುವಿಗೆ ಬರುವಷ್ಟರಲ್ಲಿ ಯಾರದು ಯಾವ ದನಿ ಅಂತ ನಿಮಗೇ ಮರೆತಿರುತ್ತದೆ.

ಚಿಂತೆ ಮಾಡಲೇಬೇಕು ಅಂದರೆ ಪುಸ್ತಕದ ಬಗ್ಗೆ ಮಾಡಿ. ಹಳೆಯದು ಅಂತ ಅನಿಸಿದರೆ ಸಾಲದು. ಅಲ್ಲಿ ನೋಡುವುದು ಅಮೆರಿಕದ ಕಾನೂನು, ಸಾಮಾನ್ಯವಾಗಿ ಪ್ರಕಟವಾಗಿ 95 ವರ್ಷ ಮುಗಿದಿರಬೇಕು. ಭಾರತದ ಲೆಕ್ಕ ಬೇರೆ, ಲೇಖಕರು ತೀರಿಕೊಂಡ ಮೇಲೆ 60 ವರ್ಷ. ಯುರೋಪಿನ ಬಹುಪಾಲು ದೇಶಗಳಲ್ಲಿ 70. ನೀವಿರುವ ದೇಶದ ಕಾನೂನು ನಿಮಗೆ ಅನ್ವಯಿಸುತ್ತದೆ, ಹಾಗಾಗಿ ಎರಡೂ ಲೆಕ್ಕ ಹಾಕಿ ನೋಡಿ. ಅನುವಾದವಾದರೆ ಅನುವಾದಕರ ಹಕ್ಕನ್ನು ಬೇರೆಯಾಗಿ ನೋಡಬೇಕು. ಮೂಲ ಲೇಖಕರು ಇನ್ನೂರು ವರ್ಷ ಹಿಂದಿನವರಾದರೂ ಅನುವಾದ ಮೊನ್ನೆಯದಾದರೆ ಓದುವ ಹಾಗಿಲ್ಲ. ಹೊಸ ಮುದ್ರಣಕ್ಕೆ ಈಗಿನವರು ಬರೆದ ಮುನ್ನುಡಿ, ಟಿಪ್ಪಣಿಗಳೂ ಅಷ್ಟೇ, ಅವನ್ನು ಬಿಟ್ಟು ಓದಿ.

ನೀವು ಓದಿ ಕೊಟ್ಟ ಮೇಲೆ ಆ ರೆಕಾರ್ಡಿಂಗ್ ಕೂಡ ಪಬ್ಲಿಕ್ ಡೊಮೈನ್, ಅಂದರೆ ಯಾರ ಹಕ್ಕೂ ಇಲ್ಲದ ಎಲ್ಲರ ಸೊತ್ತು. ಎಲ್ಲರಿಗೂ ತೆರೆದ ಆನ್‌ಲೈನ್ ಭಂಡಾರ ಇಂಟರ್ನೆಟ್ ಆರ್ಕೈವ್‌ನಲ್ಲಿ ಇರುತ್ತದೆ, ಯಾರಾದರೂ ಇಳಿಸಿಕೊಂಡು ಮಾರಿದರೂ ನೀವು ಕೇಳುವ ಹಾಗಿಲ್ಲ. ಕಂಪ್ಯೂಟರಿಗೆ ಮಾತು ಗುರುತಿಸಲು ಕಲಿಸುವುದಕ್ಕೆ 2015ರಲ್ಲಿ ಲಿಬ್ರಿಸ್ಪೀಚ್ ಅಂತ ಒಂದು ಸಂಗ್ರಹ ಬಂತು, ಸುಮಾರು 1000 ಗಂಟೆಯ ಇಂಗ್ಲಿಷ್ ಓದು, ಅಷ್ಟೂ ಲಿಬ್ರಿವಾಕ್ಸ್‌ನವರ ದನಿ. 2020ರಲ್ಲಿ ಅಂಥದ್ದೇ 8 ಭಾಷೆಗಳಲ್ಲಿ ಬಂತು. ನನಗೆ ಇದರಲ್ಲಿ ಬೇಸರವಿಲ್ಲ. ನಿಮಗೆ ಬೇಸರ ಆಗುವ ಹಾಗಿದ್ದರೆ ಮೊದಲೇ ಯೋಚಿಸಿ, ಆಮೇಲೆ ವಾಪಸ್ ಪಡೆಯುವ ದಾರಿ ಇಲ್ಲ.

ಮೈಕ್: ಸಾಧಾರಣ ಯುಎಸ್‌ಬಿ ಮೈಕ್ ಸಾಕು. ಬಾಯಿಗೆ ನೇರ ಹಿಡಿಯದೆ ಸ್ವಲ್ಪ ಓರೆಯಾಗಿ ಇಡಿ, ಪ, ಬ ಬಂದಾಗ ಉಸಿರು ಬಡಿಯುವುದಿಲ್ಲ. ಖಾಲಿ ಕೋಣೆ ಬೇಡ, ಗೋಡೆ ಮಾತನ್ನು ತಿರುಗಿ ಎಸೆಯುತ್ತದೆ. ಬಟ್ಟೆ, ಕಂಬಳಿ, ಪುಸ್ತಕ ತುಂಬಿದ ಸಣ್ಣ ಕೋಣೆ ಒಳ್ಳೆಯದು. ಮೈಕಿಗೆ ಎತ್ತಿಟ್ಟ ದುಡ್ಡಲ್ಲಿ ಸ್ವಲ್ಪ ಉಳಿಸಿ ಕಿವಿ ಮುಚ್ಚುವ ಹೆಡ್‌ಫೋನ್ ಕೊಳ್ಳಿ, ಇನ್ನೂ ಉಳಿದರೆ ಒಂದು ಹಾರ್ಡ್ ಡಿಸ್ಕ್. ನಾನು ಈಗ ಗುಂಪಿನಲ್ಲೇ ಓದುತ್ತೇನೆ, ಒಂದು ಅಧ್ಯಾಯ ಪಾಸಾಗುವ ತನಕ ಇನ್ನೊಂದು ಮುಟ್ಟುವುದಿಲ್ಲ.

ಯಾವ ಕಾದಂಬರಿ, ಯಾವ ವರ್ಷ ಪ್ರಕಟವಾದದ್ದು ಅಂತ ಕೆಳಗೆ ಬರೆಯಿರಿ. ವರ್ಷ ಸರಿಹೊಂದಿದರೆ ಮೊದಲ ಅಧ್ಯಾಯವನ್ನು ನಾನೇ ಕೇಳಿ ನೋಡುತ್ತೇನೆ.