ಇಲ್ಲದ ಐದು ಸೆಕೆಂಡ್

ರೋಬೋಟಿಕ್ಸ್ ಸ್ಪರ್ಧೆಗೆ ಹೋಗಿ ಬಂದ ಮೇಲೆ ಮಂಕಾದ ಮಕ್ಕಳನ್ನು ತಂದೆತಾಯಂದಿರು ಆಪ್ತಸಲಹೆಗಾರ್ತಿಯಾದ ನನ್ನಲ್ಲಿಗೆ ಕರೆತರುವುದು ಈಚೆಗೆ ಹೆಚ್ಚಾಗಿದೆ. ಬರುವಾಗಲೇ ಕಾರಣವನ್ನೂ ತಾವೇ ಗೊತ್ತುಮಾಡಿಕೊಂಡಿರುತ್ತಾರೆ: ‘ಸೋಲನ್ನು ತಡೆದುಕೊಳ್ಳುವ ಶಕ್ತಿ ಇಲ್ಲ ಮೇಡಂ.’ ಮಕ್ಕಳ ಮಾತು ಕೇಳುತ್ತಾ ಹೋದರೆ ಸೋಲಿನ ಸುದ್ದಿಯೇ ಅಷ್ಟಾಗಿ ಬರುವುದಿಲ್ಲ. ಎದುರಾಳಿಗಳ ಮೇಲಿನ ಸಿಟ್ಟೂ ಕಡಿಮೆ. ಮತ್ತೆ ಮತ್ತೆ ಬರುವುದು ಜೊತೆಗಾರ ತಂಡದ ವಿಷಯ: ಅವರು ಹೀಗೆಂದರು, ನಾವು ಹಾಗೆಂದೆವು, ಕಣದಲ್ಲಿ ಇನ್ನೇನೋ ಆಯಿತು.

ಈ ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಫಸ್ಟ್ ಟೆಕ್ ಚಾಲೆಂಜ್ ಎಂಬ ಸ್ಪರ್ಧೆಯಲ್ಲಿ 12 ಅಡಿ ಚೌಕದ ಕಣದೊಳಗೆ ಕೆಂಪು ಕಡೆಗೆ ಎರಡು ತಂಡ, ನೀಲಿ ಕಡೆಗೆ ಎರಡು ತಂಡ. ಮೊದಲ 30 ಸೆಕೆಂಡ್ ರೋಬೋಟ್ ತನ್ನ ಪ್ರೋಗ್ರಾಮಿನಂತೆ ತಾನೇ ಓಡಬೇಕು, ಯಾರೂ ನಿಯಂತ್ರಕ ಮುಟ್ಟುವಂತಿಲ್ಲ. ಆಮೇಲಿನ ಎರಡು ನಿಮಿಷ ಮಕ್ಕಳೇ ಓಡಿಸುತ್ತಾರೆ. ಅರ್ಹತಾ ಸುತ್ತಿನಲ್ಲಿ ಯಾರು ಯಾರ ಜೊತೆಗಾರರು ಎಂಬುದನ್ನು ವೇಳಾಪಟ್ಟಿ ನಿರ್ಧರಿಸುತ್ತದೆ. ಬೆಳಿಗ್ಗೆ ಜೊತೆಗಿದ್ದವರು ಮಧ್ಯಾಹ್ನ ಎದುರಿಗಿರಬಹುದು. ಈ ಸ್ಪರ್ಧೆಯನ್ನು ನಡೆಸುವ ಫಸ್ಟ್ ಸಂಸ್ಥೆಯನ್ನು ಡೀನ್ ಕೇಮನ್ ಅಮೆರಿಕದಲ್ಲಿ ಕಟ್ಟಿದ್ದು 1989ರಲ್ಲಿ. ಅದರ ದೊಡ್ಡ ಸ್ಪರ್ಧೆ 1992ರಲ್ಲಿ ಶುರುವಾದಾಗ ತಂಡಗಳು ಒಂಟಿಯಾಗಿಯೇ ಆಡುತ್ತಿದ್ದವು. ಜೊತೆಗೂಡಿ ಆಡುವ ಪದ್ಧತಿ ಬಂದದ್ದು 1999ರಲ್ಲಿ. ಬೇಕೆಂದೇ ತಂದ ಕಷ್ಟ ಅದು. ಯಂತ್ರ ಕಟ್ಟಿದರೆ ಸಾಲದು, ಪರಿಚಯವಿಲ್ಲದವರ ಜೊತೆ ಐದು ನಿಮಿಷದಲ್ಲಿ ಒಂದು ಯೋಜನೆಗೂ ಬರಬೇಕು.

ಹೀಗೆ ಬಂದ ಒಬ್ಬ ಹುಡುಗನನ್ನು ನಿಖಿಲ್ ಎಂದು ಕರೆಯೋಣ. ಹೆಸರು ಬದಲಿಸಿದ್ದೇನೆ, ಗುರುತು ಹಚ್ಚಬಹುದಾದ ಇತರ ವಿವರಗಳನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಅವನು ಓದಿ ಒಪ್ಪಿದ್ದಾನೆ. ಪ್ರಥಮ ಪಿಯುಸಿ, ತಂಡದ ಡ್ರೈವ್ ಕೋಚ್. ಅಂದರೆ ಪಂದ್ಯಕ್ಕೆ ಮುಂಚೆ ಜೊತೆಗಾರರೊಂದಿಗೆ ಮಾತನಾಡಿ, ಪಂದ್ಯದಲ್ಲಿ ಚಾಲಕರಿಗೆ ಹೇಳಿಕೊಡುವವನು. ಸ್ಪರ್ಧೆಯಿಂದ ಬಂದವನು ಶಾಲೆಯ ಲ್ಯಾಬಿನ ಕಡೆ ತಲೆ ಹಾಕಲಿಲ್ಲ, ರಾತ್ರಿ ನಿದ್ದೆ ಮಾಡಲಿಲ್ಲ, ಸ್ನೇಹಿತರ ಕರೆಗೆ ಉತ್ತರಿಸಲಿಲ್ಲ. ಪಂದ್ಯ ಮುಗಿದೊಡನೆ ಎಲ್ಲರೆದುರು ಜೊತೆಗಾರ ತಂಡದ ಮೇಲೆ ಕೂಗಾಡಿದ್ದ. ‘ಸಿಟ್ಟು ನಿಯಂತ್ರಿಸಲು ಕಲಿಸಿ’ ಎಂದು ಮೆಂಟರ್ ಹೇಳಿ ಕಳಿಸಿದ್ದರು. ‘ರೋಬೋಟ್ ಬಿಡಿಸಿದರೆ ಎಲ್ಲ ಸರಿಹೋಗುತ್ತದೆ, ಸಿಇಟಿ ಹತ್ತಿರ ಬರುತ್ತಿದೆ’ ಎಂದು ತಂದೆ. ತಾಯಿ ಏನೂ ಹೇಳಲಿಲ್ಲ, ಮಗ ಊಟ ಬಿಟ್ಟಿದ್ದಾನೆ ಎಂದರು ಅಷ್ಟೆ.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಈ ಹುಡುಗ ಮಾತು ಬಲ್ಲವನೇ. ಸರಾಗವಾಗಿ ಮಾತನಾಡುತ್ತಾನೆಂದೇ ಅವನನ್ನು ಕೋಚ್ ಮಾಡಿದ್ದರು. ಶುರುವಿನ ಭೇಟಿಗಳಲ್ಲಿ ನನ್ನೊಂದಿಗೂ ಹಾಗೆಯೇ ಚೆನ್ನಾಗಿ ಮಾತನಾಡಿದ. ಜೊತೆಗಾರರು ಯೋಜನೆಯಂತೆ ನಡೆಯಲಿಲ್ಲ, ಅವರ ರೋಬೋಟ್ ಬಂದು ನಮ್ಮದಕ್ಕೆ ಗುದ್ದಿತು, ನಮ್ಮ ರೋಬೋಟಿನ ಕೈ ಬಾಗಿತು. ಪ್ರತಿ ಸಲವೂ ಅದೇ ಕ್ರಮ, ಅದೇ ವಾಕ್ಯ. ಬಾಯಿಪಾಠ ಮಾಡಿದ ಉತ್ತರವನ್ನು ಪರೀಕ್ಷಕರು ಗುರುತಿಸುವ ಹಾಗೆ ನಾವೂ ಗುರುತಿಸುತ್ತೇವೆ.

ಒಂದು ದಿನ ನಾನು ಮಾತು ನಿಲ್ಲಿಸಿ ಅವನ ಮುಂದೆ ಕಾಗದ ಇಟ್ಟೆ. ‘ನನಗೆ ಈ ಆಟ ಅರ್ಥವಾಗಿಲ್ಲ. ಬರೆದು ತೋರಿಸು.’

ಅವನ ಮುಖದಲ್ಲಿ ಜೀವ ಬಂತು. ಅಳತೆಪಟ್ಟಿ ಇಟ್ಟು ಚೌಕ ಎಳೆದು, ಆರು ಸಾಲು, ಆರು ಕಂಬಸಾಲು, ಒಟ್ಟು 36 ಹಾಸುಗಳನ್ನು ಗುರುತಿಸಿದ. ನಡುವೆ ಒಂದು ಚೌಕಟ್ಟು. ಅದು 2024-25ರ ‘ಇಂಟು ದಿ ಡೀಪ್’ ಆಟ. ಮೂಲೆಯಲ್ಲಿ ಬುಟ್ಟಿಗಳು, ನಡುವಿನ ಚೌಕಟ್ಟಿನಲ್ಲಿ ಕ್ಲಿಪ್ ಹಾಕಿದ ತುಂಡುಗಳನ್ನು ತೂಗುಹಾಕುವ ಸರಳುಗಳು. ಎತ್ತರದ ಸರಳಿಗೆ ಒಂದು ತುಂಡು ತೂಗುಹಾಕಿದರೆ 10 ಅಂಕ. ಅವನ ರೋಬೋಟಿಗೆ ಪೆನ್ನಿನ ಮುಚ್ಚಳ, ಜೊತೆಗಾರರದಕ್ಕೆ ರಬ್ಬರ್.

‘ಈಗ ನಾನು ಜೊತೆಗಾರ ತಂಡದ ಕೋಚ್. ಕಣಕ್ಕೆ ಕರೆಯುವುದನ್ನು ಕಾಯುತ್ತಾ ನಾವು ಕ್ಯೂನಲ್ಲಿ ನಿಂತಿದ್ದೇವೆ. ಶುರುಮಾಡು.’

ಅವನು ಶುರುಮಾಡಿದ. ನಮ್ಮದು ಇಲ್ಲಿಂದ ಹೊರಡುತ್ತದೆ, ನೇರವಾಗಿ ಸರಳಿಗೆ ಬಂದು ಮೊದಲ ತುಂಡು ತೂಗುಹಾಕುತ್ತದೆ. ಮುಚ್ಚಳ ಜಾರಿ ಚೌಕಟ್ಟಿನ ಮುಂದೆ ನಿಂತಿತು. ನಾನು ರಬ್ಬರನ್ನು ತಳ್ಳಿದೆ. ಅದೂ ಅಲ್ಲಿಗೇ ಬಂತು. ಎರಡೂ ತಾಗಿಕೊಂಡವು.

‘ಗುದ್ದುತ್ತದಲ್ಲ?’

‘ಅದಕ್ಕೇ ಡಿಲೇ ಇರುತ್ತದೆ ಮೇಡಂ. ಅವರು ಮೊದಲು ಹೋಗುತ್ತಾರೆ, ನಾವು ಐದು ಸೆಕೆಂಡ್ ತಡೆದು ಹೊರಡುತ್ತೇವೆ.’

‘ಆ ಆಯ್ಕೆಯನ್ನು ಯಾರು ಒತ್ತುತ್ತಾರೆ? ಯಾವಾಗ?’

ಯಂತ್ರದ ಬಗ್ಗೆ ನನಗೆ ತಿಳಿದದ್ದು ಅಷ್ಟಕ್ಕಷ್ಟೇ. ಕುತೂಹಲಕ್ಕೆ ಕೇಳಿದ ಪ್ರಶ್ನೆ ಅದು. ಅವನು ಮುಚ್ಚಳವನ್ನು ಹಿಂದಕ್ಕೆ ಎಳೆದ, ಮುಂದಕ್ಕೆ ತಳ್ಳಿದ, ಮತ್ತೆ ಹಿಂದಕ್ಕೆ ಎಳೆದ. ಆಮೇಲೆ ಅದನ್ನು ಪೆನ್ನಿಗೆ ಹಾಕಿ ಒತ್ತಿದ.

‘ಇರಲಿಲ್ಲ ಮೇಡಂ. ನಮ್ಮ ಪ್ರೋಗ್ರಾಮಿನಲ್ಲಿ ಡಿಲೇ ಇರಲೇ ಇಲ್ಲ. ಅವರು ಇದೆಯೇ ಎಂದು ಕೇಳಿದರು. ನಾನು ಇದೆ ಎಂದೆ.’

ಮುಂದಿನದು ತಡವರಿಸುತ್ತಾ ಬಂತು. ತಂಡದ ಪ್ರೋಗ್ರಾಮರ್ ಹುಡುಗಿ ಪಕ್ಕದಲ್ಲೇ ನಿಂತಿದ್ದಳು. ‘ಎಲ್ಲಿದೆ? ಲ್ಯಾಪ್‌ಟಾಪ್ ಪಿಟ್‌ನಲ್ಲಿ ಉಳಿದಿದೆ’ ಎಂದು ಪಿಸುಗುಟ್ಟಿದಳು. (ಪಿಟ್ ಎಂದರೆ ತಂಡಗಳು ರೋಬೋಟ್ ಇಟ್ಟು ರಿಪೇರಿ ಮಾಡಿಕೊಳ್ಳುವ ಜಾಗ.) ಇವನು ‘ಸುಮ್ಮನಿರು’ ಎಂದ. ಓಡಿಹೋಗಿ ತರಬಹುದು, ಒಂದು ಸಾಲು ಸೇರಿಸಿದರಾಯಿತು ಎಂದುಕೊಂಡ. ಅಷ್ಟರಲ್ಲಿ ಕಣಕ್ಕೆ ಕರೆದರು. ಬಹುಶಃ ಗುದ್ದುವುದಿಲ್ಲ ಎಂದುಕೊಂಡ. ಗುದ್ದಿತು. ಎರಡೂ ಕಡೆಯ ತುಂಡುಗಳು ಕೆಳಗೆ ಬಿದ್ದವು, ಜೊತೆಗಾರರ ರೋಬೋಟ್ ದಿಕ್ಕು ತಪ್ಪಿ ಉಳಿದ ಸೆಕೆಂಡುಗಳನ್ನೆಲ್ಲ ಗೋಡೆ ತಳ್ಳುತ್ತಾ ಕಳೆಯಿತು. ಆ ತಂಡದ ಕೋಚ್ ಇವನ ಮುಖ ನೋಡಿದ. ಅವನು ಬಾಯಿ ತೆರೆಯುವ ಮೊದಲೇ ಇವನು ಕೂಗಾಡಿದ.

‘ಇಲ್ಲ ಎಂದಿದ್ದರೆ ಏನಾಗುತ್ತಿತ್ತು?’ ಎಂದು ಕೇಳಿದೆ.

‘ಹಾಗಾದರೆ ನೀವು ಕದಲಬೇಡಿ, ಸುಮ್ಮನೆ ನಿಲ್ಲಿಸಿಬಿಡಿ ಎನ್ನುತ್ತಿದ್ದರು. ಅವರು ಪಟ್ಟಿಯಲ್ಲಿ ನಮಗಿಂತ ಬಹಳ ಮೇಲಿದ್ದರು. ನಾವು ವರ್ಷವಿಡೀ ಕಟ್ಟಿದ್ದು ಸುಮ್ಮನೆ ನಿಲ್ಲಿಸುವುದಕ್ಕಾ ಮೇಡಂ?’

ಇಂಥ ಕಡೆ ‘ಹಾಗೇನೂ ಆಗುತ್ತಿರಲಿಲ್ಲ ಬಿಡು’ ಎನ್ನುವುದು ಸುಲಭ. ನಾನು ಹೇಳಲಿಲ್ಲ, ಏಕೆಂದರೆ ಹಾಗೆ ಆಗುತ್ತದೆ. ಬಲವಾದ ತಂಡಗಳು ದುರ್ಬಲ ಜೊತೆಗಾರರಿಗೆ ಪಕ್ಕಕ್ಕಿರಿ ಎನ್ನುತ್ತವೆ, ಕೆಲವೊಮ್ಮೆ ಒರಟಾಗಿಯೇ. ಅವನ ಭಯ ಪೊಳ್ಳಲ್ಲ. ಹಾಗಾಗಿ ಸಮಾಧಾನ ಹೇಳುವ ಬದಲು ಲೆಕ್ಕ ಮಾಡಲು ಹೇಳಿದೆ. ಇಲ್ಲ ಎಂದಿದ್ದರೆ ಆ ಮೊದಲ 30 ಸೆಕೆಂಡಿನಲ್ಲಿ ನಿನ್ನ ತಂಡ ಕಳೆದುಕೊಳ್ಳುತ್ತಿದ್ದದ್ದು ಎಷ್ಟು? ಒಂದು ತುಂಡು, 10 ಅಂಕ. ಪಕ್ಕದ ವಲಯಕ್ಕೆ ಹೋಗಿ ನಿಂತಿದ್ದರೆ? 3 ಅಂಕ ಸಿಗುತ್ತಿತ್ತು. ಜೊತೆಗಾರರದ್ದು? ಅವರದ್ದು ಪೂರ್ತಿ ಉಳಿಯುತ್ತಿತ್ತು. ಇದೆ ಎಂದದ್ದರಿಂದ ಎರಡೂ ಕಡೆ ಸೇರಿ ಬಂದದ್ದು? ಅವನು ಕಾಗದದ ಮೂಲೆಯಲ್ಲಿ ಸೊನ್ನೆ ಬರೆದು ಅದರ ಸುತ್ತ ಇನ್ನೊಂದು ಸೊನ್ನೆ ಸುತ್ತಿದ.

ಎದ್ದು ಹೋಗುವ ಮುನ್ನ, ನಾನು ಕೇಳದೆಯೇ, ಇನ್ನೊಂದು ಮಾತು ಹೇಳಿದ. ‘ಮನೆಯಲ್ಲೂ ಹಾಗೆಯೇ ಮೇಡಂ. ಅಪ್ಪ ರಿವಿಷನ್ ಆಯಿತೇ ಎಂದರೆ ಆಯಿತು ಎನ್ನುತ್ತೇನೆ. ಆಗಿಲ್ಲ ಎಂದರೆ ಏಕೆ ಆಗಿಲ್ಲ ಎಂದು ಒಂದು ಗಂಟೆ. ಆಯಿತು ಎಂದರೆ ಅಲ್ಲಿಗೆ ಮುಗಿಯಿತು.’

ಈ ಪ್ರಕರಣವನ್ನು ಬರೆಯಲು ಕೂತದ್ದೇ ಈ ಮಾತಿಗಾಗಿ. ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ‘ಇಲ್ಲ’ ಎಂಬ ಉತ್ತರಕ್ಕೆ ದಂಡ ದುಬಾರಿ, ‘ಇದೆ’ ಎಂಬುದಕ್ಕೆ ತಪಾಸಣೆಯೇ ಇಲ್ಲ. ಇಂಥ ಮಕ್ಕಳನ್ನು ‘ಕಮ್ಯುನಿಕೇಶನ್ ಸ್ಕಿಲ್ಸ್’ ತರಗತಿಗೆ ಸೇರಿಸುವುದನ್ನು ನಾನು ಕಟುವಾಗಿ ವಿರೋಧಿಸುತ್ತೇನೆ. ನಿಖಿಲ್‌ಗೆ ಮಾತಿನ ಕೊರತೆ ಇರಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು, ದನಿ ನಡುಗದಂತೆ, ಇಲ್ಲದ್ದನ್ನು ಇದೆ ಎಂದು ಹೇಳುವಷ್ಟು ತಯಾರಿ ಆಗಲೇ ಅವನಿಗಿತ್ತು.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ಆ ಪ್ರೋಗ್ರಾಮರ್ ಹುಡುಗಿಯೊಂದಿಗೆ ಮಾತನಾಡಬೇಕು. ‘ನೀನು ಹೇಳಿದ್ದು ನಿಜ, ನಾನು ಬಾಯಿ ಮುಚ್ಚಿಸಿದೆ’ ಎನ್ನಬೇಕು. ಅವಳು ಅಷ್ಟು ದಿನ ಯಾರಿಗೂ ಹೇಳದೆ ಇವನನ್ನು ಕಾಪಾಡಿದ್ದಳು, ತಂಡದವರಿಂದ ‘ಪ್ರೋಗ್ರಾಮ್ ಕೆಟ್ಟಿತು’ ಎಂಬ ಮಾತನ್ನೂ ಕೇಳಿದ್ದಳು. ಎರಡನೆಯದು, ಜೊತೆಗಾರ ತಂಡದ ಕೋಚ್‌ಗೆ ನಾಲ್ಕು ಸಾಲು ಬರೆಯಬೇಕು. ಮೂರನೆಯದು ಮುಂದಿನ ಸ್ಪರ್ಧೆಗಳಿಗೆ. ಜೊತೆಗಾರರೊಂದಿಗೆ ಮಾತು ಶುರುವಾಗುವುದೇ ತಮ್ಮ ರೋಬೋಟಿನ ನಿಜಸ್ಥಿತಿಯಿಂದ: ಇದು ಹತ್ತರಲ್ಲಿ ಒಂಬತ್ತು ಸಲ ಆಗುತ್ತದೆ, ಇದು ಅರ್ಧದಷ್ಟು ಸಲ, ಇದು ಆಗುವುದಿಲ್ಲ. ಅಂದಾಜಿನಲ್ಲಿ ಅಲ್ಲ, ಅಭ್ಯಾಸದ ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕದಿಂದ, ಒಂದು ಕಾರ್ಡಿನ ಮೇಲೆ. ಕೋಚ್ ಮಾತನಾಡುವಾಗ ಪ್ರೋಗ್ರಾಮರ್ ಪಕ್ಕದಲ್ಲಿರಬೇಕು, ಅವಳು ಅಡ್ಡ ಬಾಯಿ ಹಾಕಿದರೆ ಅದೇ ಅಂತಿಮ. ಕೊನೆಗೆ ಜೊತೆಗಾರರು ಹೇಳಿದ್ದನ್ನು ಅವರಿಗೇ ತಿರುಗಿ ಹೇಳಬೇಕು: ‘ನೀವು ಮೊದಲು, ನಾವು ಈ ಬದಿ, ಸರಿಯೇ?’ ಆ ಗದ್ದಲದಲ್ಲಿ ತಲೆಯಾಡಿಸುವುದನ್ನು ಒಪ್ಪಿಗೆ ಎಂದುಕೊಳ್ಳುವಂತಿಲ್ಲ.

ಹುಡುಗನ ಒಪ್ಪಿಗೆ ಪಡೆದು ಮೆಂಟರ್ ಜೊತೆ ಮಾತನಾಡಿದಾಗ ಅವರು ಸಿಡಿದರು. ಅವರು ಎಂಜಿನಿಯರ್, ವಾರಾಂತ್ಯವನ್ನೆಲ್ಲ ಈ ಮಕ್ಕಳಿಗೆ ಕೊಟ್ಟವರು, ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿರಲಿಲ್ಲ. ‘ಇಂದಿನ ಜೊತೆಗಾರ ನಾಳೆಯ ಎದುರಾಳಿ ಮೇಡಂ. ನಮ್ಮ ದೌರ್ಬಲ್ಯವನ್ನು ನಾವೇ ಕಾರ್ಡಿನ ಮೇಲೆ ಬರೆದು ಕೊಡಬೇಕೇ? ಎಲಿಮಿನೇಷನ್‌ಗೆ ಕ್ಯಾಪ್ಟನ್‌ಗಳು ತಮಗೆ ಬೇಕಾದ ಜೊತೆಗಾರ ತಂಡ ಆರಿಸುವಾಗ ಯಾರು ನಮ್ಮನ್ನು ಕರೆಯುತ್ತಾರೆ? ಇನ್ನು ಆ ಪತ್ರ, ಅದು ಶಾಲೆಯ ಹೆಸರಿನ ಪ್ರಶ್ನೆ.’

ತಕರಾರಿನಲ್ಲಿ ಹುರುಳಿದೆ. ಆದರೆ ಅವರೇ ನನಗೆ ಹಿಂದೆ ವಿವರಿಸಿದ್ದ ಸಂಗತಿಯೊಂದಿದೆ: ಬಹಳಷ್ಟು ತಂಡಗಳು ಗ್ಯಾಲರಿಯಲ್ಲಿ ಸ್ಕೌಟಿಂಗ್‌ಗೆ ಮಕ್ಕಳನ್ನು ಕೂರಿಸಿ ಉಳಿದ ತಂಡಗಳ ಪಂದ್ಯಗಳನ್ನು ಬರೆದುಕೊಳ್ಳುತ್ತವೆ. ಹತ್ತರಲ್ಲಿ ನಾಲ್ಕು ಸಲ ಮಾತ್ರ ಆಗುವುದು ಎದುರಾಳಿಗೆ ಆಗಲೇ ಗೊತ್ತಿರುತ್ತದೆ. ನಾವು ಮುಚ್ಚಿಟ್ಟರೆ ಗೊತ್ತಾಗದೆ ಉಳಿಯುವುದು ಇನ್ನೆರಡು ನಿಮಿಷಕ್ಕೆ ನಮ್ಮೊಂದಿಗೆ ಕಣಕ್ಕಿಳಿಯುವ ಆ ಮಕ್ಕಳಿಗೆ ಮಾತ್ರ. ಹಾಗೆಂದು ತಂಡದ ಗುಟ್ಟನ್ನೆಲ್ಲ ಹರಡಿ ಎಂದು ನಾನು ಹೇಳಿಲ್ಲ. ಈ ಪಂದ್ಯಕ್ಕೆ ಬೇಕಾದಷ್ಟು ಹೇಳಿದರೆ ಸಾಕು, ಹೇಳಿದ್ದು ನಿಜವಿರಬೇಕು. ಎಂಐಟಿಯ ಪ್ರಾಧ್ಯಾಪಕರಾಗಿದ್ದ ವುಡಿ ಫ್ಲವರ್ಸ್ ಹರಡಿದ ‘ಗ್ರೇಷಸ್ ಪ್ರೊಫೆಷನಲಿಸಂ’ (ಪೈಪೋಟಿಯಲ್ಲೂ ಸೌಜನ್ಯ ಬಿಡದಿರುವುದು) ಎಂಬ ಮಾತನ್ನು ಈ ಸ್ಪರ್ಧೆಯ ಮಕ್ಕಳೆಲ್ಲ ನಿದ್ದೆಯಲ್ಲೂ ಹೇಳುತ್ತಾರೆ. ಗೋಡೆಯ ಮೇಲಿನ ಆ ಮಾತು ಕ್ಯೂಗೆ ಬರುವಷ್ಟರಲ್ಲಿ ಏಕೆ ಉದುರಿಹೋಗಬೇಕು ಎಂದು ಕೇಳಿದೆ. ಸ್ವಲ್ಪ ಖಾರವಾಗಿಯೇ ಕೇಳಿದೆನೇನೋ.

ಪತ್ರದ ವಿಷಯದಲ್ಲಿ ನಾನು ಜಗ್ಗಲಿಲ್ಲ. ನಿಖಿಲ್‌ನ ಮನಸ್ಸು ಹಗುರವಾಗಲಿ ಎಂಬುದಷ್ಟೇ ನನ್ನ ಉದ್ದೇಶವಾಗಿರಲಿಲ್ಲ. ಎಲ್ಲರೆದುರು ಬೈಸಿಕೊಂಡ ಆ ಇನ್ನೊಂದು ತಂಡದಲ್ಲಿಯೂ ಒಬ್ಬ ಹುಡುಗನೋ ಹುಡುಗಿಯೋ ಇದ್ದಾರೆ. ತನ್ನದೇ ಪ್ರೋಗ್ರಾಮ್ ತಪ್ಪಿತೇ, ತಾನೇ ಬೇಗ ಹೊರಡಿಸಿದೆನೇ ಎಂದು ಅವರೂ ರಾತ್ರಿ ಹೊರಳಾಡಿರಬಹುದು. ಆ ಮಗು ಯಾವ ಆಪ್ತಸಲಹೆಗಾರರ ಬಳಿ ಹೋಗಿದೆಯೋ, ಹೋಗಿಲ್ಲವೋ. ಶಾಲೆಯ ಹೆಸರನ್ನು ಅದರ ನಿದ್ದೆಗಿಂತ ದೊಡ್ಡದು ಎಂದು ಒಪ್ಪಲು ನನ್ನಿಂದಾಗಲಿಲ್ಲ.

ನಿಖಿಲ್ ಬರೆದ. ‘ನಮ್ಮಲ್ಲಿ ಡಿಲೇ ಇರಲಿಲ್ಲ. ನೀವು ಕೇಳಿದಾಗ ನಾನು ಸುಳ್ಳು ಹೇಳಿದೆ. ಗುದ್ದಿದ್ದು ನಿಮ್ಮ ತಪ್ಪಿನಿಂದಲ್ಲ. ಕೂಗಾಡಿದ್ದಕ್ಕೆ ಕ್ಷಮಿಸಿ.’ ಉತ್ತರ ಬಂದಿಲ್ಲ. ಪ್ರೋಗ್ರಾಮರ್ ಹುಡುಗಿ ಎರಡು ವಾರ ಮಾತು ಬಿಟ್ಟಳು, ಆಮೇಲೆ ಲ್ಯಾಪ್‌ಟಾಪ್ ಚೀಲವನ್ನು ಕ್ಯೂಗೆ ಹೊತ್ತು ತರುವ ಕೆಲಸ ಇನ್ನು ಮುಂದೆ ಅವನದೇ ಎಂದು ತೀರ್ಮಾನ ಹೇಳಿದಳಂತೆ. ಕಾರ್ಡನ್ನು ಮೆಂಟರ್ ಒಪ್ಪಿದ್ದಾರೆ, ಒಂದು ಷರತ್ತಿನೊಡನೆ: ಪಿಟ್‌ಗೆ ಬಂದವರಿಗೆಲ್ಲ ತೋರಿಸುವಂತಿಲ್ಲ. ಇರಲಿ.

ತಂದೆಗೆ ಹೇಳಿದ್ದು ಒಂದೇ. ಸ್ವಲ್ಪ ದಿನ, ಮಗ ‘ಆಗಿಲ್ಲ’ ಎಂದಾಗ ‘ಏಕೆ’ ಎನ್ನಬೇಡಿ, ‘ಎಷ್ಟು ಉಳಿದಿದೆ’ ಎನ್ನಿ. ‘ಹಾಗೆ ಬಿಟ್ಟರೆ ಓದುತ್ತಾನೆಯೇ?’ ಎಂದು ಅವರು ನಂಬಿಕೆಯಿಲ್ಲದೆ ಎದ್ದು ಹೋಗಿದ್ದರು. ಮೊನ್ನೆ ಅವರದೇ ಫೋನ್ ಬಂತು, ದನಿಯಲ್ಲಿ ಅಸಮಾಧಾನ.

‘ರಸಾಯನಶಾಸ್ತ್ರದಲ್ಲಿ ಮೂರು ಅಧ್ಯಾಯ ಮುಟ್ಟಿಯೇ ಇಲ್ಲವಂತೆ ಮೇಡಂ. ನೆಟ್ಟಗೆ ನಿಂತು ಹೇಳಿದ. ಇದನ್ನೇ ಏನು ನೀವು ಕಲಿಸಿದ್ದು?’

ಹೌದು ಎಂದೆ. ಯಾವ ಮೂರು ಅಧ್ಯಾಯ ಎಂದು ಕೇಳಿದೆ. ಅವರಿಗೆ ಹೆಸರು ಗೊತ್ತಿತ್ತು, ಮೂರನ್ನೂ ಹೇಳಿದರು.