ಓದುಗರ ಪ್ರಶ್ನೆ: ನೀಸ್ ಕಡಲ ತೀರದಲ್ಲಿ ಊಟ, ಓಡಾಟ

ದಕ್ಷಿಣ ಫ್ರಾನ್ಸಿನ ಮೆಡಿಟರೇನಿಯನ್ ತೀರಕ್ಕೆ ಹೊರಟಿರುವ ಮೈಸೂರು, ಮಂಡ್ಯ ಕಡೆಯ ಓದುಗರು ಬರೆದ ಪತ್ರಗಳಲ್ಲಿ ಹೆಚ್ಚಿನವು ಊಟದ ಚಿಂತೆಯವೇ. ಹಾಗಾಗಿ ಈ ಸಲ ಊಟಕ್ಕೇ ಮೊದಲ ಜಾಗ.

ನಾವು ನಾಲ್ವರು ಐದು ದಿನ ನೀಸ್‌ನಲ್ಲಿ ಇರುತ್ತೇವೆ. ಅಪ್ಪ-ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಬ್ರೆಡ್ಡು, ಹಣ್ಣು, ಚಿಪ್ಸ್ ಬಿಟ್ಟು ಅವರಿಗೆ ಬೇರೇನಾದರೂ ಸಿಗುತ್ತದೆಯೇ?
— ಕುವೆಂಪುನಗರ, ಮೈಸೂರು

ಧಾರಾಳವಾಗಿ ಸಿಗುತ್ತದೆ. ನೀಸ್ ಸೀಮೆಯ ಅಡುಗೆ ನಿಂತಿರುವುದೇ ಕಡಲೆ, ತರಕಾರಿ, ಆಲಿವ್ ಎಣ್ಣೆಯ ಮೇಲೆ. ಎಚ್ಚರ ಬೇಕಾದದ್ದು ಆಂಚೊವಿ ಎಂಬ ಉಪ್ಪುಹಾಕಿದ ಪುಟ್ಟ ಮೀನಿನ ಬಗ್ಗೆ. ನಾವು ಇಂಗು ಹಾಕಿದಷ್ಟು ಸಹಜವಾಗಿ ಅಲ್ಲಿಯವರು ಅದನ್ನು ರುಚಿಗೆಂದು ಸೇರಿಸುತ್ತಾರೆ. ಈರುಳ್ಳಿ ಹರಡಿದ ಪಿಸ್ಸಲಾದಿಯೇರ್ ಎಂಬ ರೊಟ್ಟಿಯ ಮೇಲೆ ಅದಿರುತ್ತದೆ. ಕಪ್ಪು ಆಲಿವ್ ರುಬ್ಬಿದ ತಪೆನಾದ್ ಚಟ್ನಿಯೊಳಗೆ ಕಣ್ಣಿಗೆ ಕಾಣದಂತೆ ಸೇರಿಕೊಂಡಿರುತ್ತದೆ. ನೀಸ್ವಾಸ್ ಸಲಾಡ್ ಮತ್ತು ಪಾನ್ ಬಾನ್ಯಾ ಎಂಬ ದುಂಡು ಸ್ಯಾಂಡ್‌ವಿಚ್‌ನಲ್ಲಿ ಟ್ಯೂನಾ, ಆಂಚೊವಿ, ಮೊಟ್ಟೆ ಮೂರೂ ಇರುವುದು ಸಾಮಾನ್ಯ. 'ಮಾಂಸ ಇದೆಯೇ' ಎಂದಷ್ಟೇ ಕೇಳಿದರೆ 'ಇಲ್ಲ' ಎಂಬ ಉತ್ತರ ಬರುತ್ತದೆ. ಅವರ ಮಾತಿನಲ್ಲಿ 'ವಿಯಾಂದ್' ಅಂದರೆ ಪ್ರಾಣಿಯ ಮಾಂಸ, ಮೀನು ಅದರೊಳಗೆ ಬರುವುದಿಲ್ಲ. ಆದ್ದರಿಂದ 'ಸಾಂ ವಿಯಾಂದ್, ಸಾಂ ಪ್ವಾಸೋಂ, ಸಾಂ ಆಂಶ್ವಾ' ಎಂದು ಮಾಂಸ, ಮೀನು, ಆಂಚೊವಿ ಮೂರನ್ನೂ ಬಿಡಿಬಿಡಿಯಾಗಿ ಹೇಳಿ. ಮೊಟ್ಟೆಯ ಫ್ರೆಂಚ್ ಪದದ ಉಚ್ಚಾರ ನಮ್ಮ ನಾಲಿಗೆಗೆ ಸುಲಭವಲ್ಲ. ಇಡೀ ವಾಕ್ಯವನ್ನು ಫ್ರೆಂಚಿನಲ್ಲಿ ಒಂದು ಚೀಟಿಯಲ್ಲಿ ಬರೆಸಿಟ್ಟುಕೊಂಡು ತೋರಿಸುವುದೇ ಮೇಲು.

ಅಪ್ಪ-ಅಮ್ಮನಿಗೆ ಹೊಂದುವ ತಿನಿಸುಗಳಲ್ಲಿ ಸೊಕ್ಕಾ ಮೊದಲನೆಯದು: ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಇಷ್ಟೇ ಸೇರುವ, ಸೌದೆ ಒಲೆಯಲ್ಲಿ ಬೆಂದ ದೋಸೆ. ಮಾರ್ಸೇ ಕಡೆ ಅದೇ ಹಿಟ್ಟನ್ನು ಗಟ್ಟಿಯಾಗಿ ಕಾಯಿಸಿ, ಆರಿಸಿ, ತುಂಡು ಮಾಡಿ ಕರಿದದ್ದಕ್ಕೆ ಪಾನಿಸ್ ಎನ್ನುತ್ತಾರೆ. ಆ ಎಣ್ಣೆಯಲ್ಲೇ ಮೀನನ್ನೂ ಕರಿಯುತ್ತಾರೆಯೇ ಎಂದು ಕೇಳಿಕೊಳ್ಳಿ. ಬದನೆ, ಟೊಮೆಟೊ, ದಪ್ಪ ಮೆಣಸಿನಕಾಯಿ, ಕೂರ್ಜೆತ್ ಅಂದರೆ ಜುಕೀನಿ ಸೇರಿಸಿ ನಿಧಾನವಾಗಿ ಬೇಯಿಸಿದ ರಾತತೂಯ್ ಒಳ್ಳೆಯ ಪಲ್ಯ, ಬ್ರೆಡ್ ಜೊತೆ ಹೊಟ್ಟೆ ತುಂಬುತ್ತದೆ. ಬೇಸಿಗೆಯಲ್ಲಾದರೆ ಹುರುಳಿಕಾಯಿ, ಕಾಳು, ತರಕಾರಿಯ ಪಿಸ್ತು ಸೂಪು ಸಿಗುತ್ತದೆ. ಹಂದಿಮಾಂಸದ ಚೂರು ಅಂದರೆ 'ಲಾರ್ದೋಂ' ಹಾಕಿಲ್ಲವೆಂದು ಖಚಿತಪಡಿಸಿಕೊಂಡೇ ಕೊಳ್ಳಿ. ಕೂರ್ಜೆತ್ ಹೂವಿನ ಬಜ್ಜಿ ನೋಡಲು ನಮ್ಮದೇ ಕುಂಬಳ ಹೂವಿನ ಬಜ್ಜಿಯ ಹಾಗಿದ್ದರೂ ಹಿಟ್ಟಿಗೆ ಮೊಟ್ಟೆ ಬಿದ್ದಿರುವುದು ಹೆಚ್ಚು. ಬ್ಲೆತ್ ಸೊಪ್ಪಿನ ಸಿಹಿ ಕಡುಬಿನಲ್ಲೂ ಮೊಟ್ಟೆ ಇರುತ್ತದೆ.

'ಬಾಗೆತ್ ತ್ರಾದಿಸ್ಯೋಂ' ಎಂಬ ಹೆಸರಿನ ಉದ್ದ ಬ್ರೆಡ್ ಬಗ್ಗೆ ನಿಶ್ಚಿಂತೆಯಿಂದಿರಿ. 1993ರ ಸರ್ಕಾರಿ ಆದೇಶದಂತೆ ಅದು ಹಿಟ್ಟು, ನೀರು, ಉಪ್ಪು, ಹುದುಗು ಸೇರಿಸಿ ಮಾಡುವ ಬ್ರೆಡ್. ಹಾಲು, ಮೊಟ್ಟೆ ಇರುವುದಿಲ್ಲ. ಕ್ರುವಾಸಾಂ ಹೊಳೆಯುವುದು ಮೇಲೆ ಸವರಿದ ಮೊಟ್ಟೆಯಿಂದ, ಅದು ಬೇಡ. ಚೀಸ್ ವಿಚಾರದಲ್ಲಿ ಕಟ್ಟುನಿಟ್ಟು ಇದ್ದರೆ ಕೋಂತೆ, ರೋಕ್‌ಫೋರ್ ಬಿಡಿ: ಹಾಲು ಒಡೆಸಲು ಪ್ರಾಣಿಯ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಮಾರ್ಸೇ ಪಕ್ಕದ 'ಬ್ರೂಸ್ ದ್ಯು ರೋವ್' ಮಾತ್ರ ಬಿಸಿ ಮೇಕೆ ಹಾಲಿಗೆ ವಿನೆಗರ್ ಹಾಕಿ ಒಡೆಸಿದ್ದು, ನಾವು ನಿಂಬೆರಸ ಹಿಂಡಿ ಪನೀರ್ ಮಾಡುವ ಕ್ರಮವೇ.

ಇನ್ನು ಹೊತ್ತಿನ ವಿಷಯ. ಹೋಟೆಲ್ ಅಡುಗೆಮನೆ ಮಧ್ಯಾಹ್ನ 12ರಿಂದ 2, ಮತ್ತೆ ಸಂಜೆ 7ರ ನಂತರ. ಮೂರು ಗಂಟೆಗೆ ಹಸಿದು ಹೋದರೆ ಹೆಚ್ಚಿನ ಕಡೆ ಕಾಫಿಯಷ್ಟೇ ಸಿಗುತ್ತದೆ. ವಯಸ್ಸಾದವರಿಗೆ ಸಂಜೆ ಟಿಫನ್ ಬೇಕೆನ್ನುವುದಾದರೆ ಬೆಳಿಗ್ಗೆಯೇ ಬೇಕರಿಯಿಂದ ತಂದಿಡಿ. 'ಕರಾಫ್ ದೋ' ಎಂದು ಕೇಳಿದರೆ ನಲ್ಲಿ ನೀರನ್ನು ದುಡ್ಡಿಲ್ಲದೆ ಹೂಜಿಯಲ್ಲಿ ತಂದಿಡುತ್ತಾರೆ, ಕುಡಿಯಲು ಚೆನ್ನಾಗಿರುತ್ತದೆ. ಬರೀ 'ನೀರು' ಎಂದರೆ ಬಾಟಲಿ ಬಂದು ಬಿಲ್ಲಿಗೆ ಸೇರುತ್ತದೆ. ಸೇವಾ ಶುಲ್ಕ ಬೆಲೆಯಲ್ಲೇ ಸೇರಿರುವುದರಿಂದ ಟಿಪ್ಸ್ ಕಡ್ಡಾಯವಲ್ಲ.

ಐದು ದಿನಕ್ಕೆ ಅಡುಗೆಮನೆ ಇರುವ ಬಾಡಿಗೆ ಮನೆಯನ್ನೇ ಹಿಡಿಯಿರಿ ಎಂಬುದು ನಮ್ಮ ಖಚಿತ ಸಲಹೆ. ನೀಸ್‌ನ ಹಳೆಯ ಊರಿನ ಕೂರ್ ಸಲೇಯ ಸಂತೆಯಲ್ಲಿ ಬೆಳಿಗ್ಗೆ ತರಕಾರಿ ಕೊಂಡು, ದುಂಡಕ್ಕಿ ಅಂದರೆ 'ರೀ ರೋಂ' ತಂದರೆ ಅನ್ನ ನಮಗೆ ಒಗ್ಗುವಷ್ಟು ಮೆತ್ತಗಾಗುತ್ತದೆ. ಉದ್ದಕ್ಕಿಯ ಅನ್ನ ಉದುರುದುರಾಗಿ ಸಾರಿಗೆ ಕೂಡಿಬರುವುದಿಲ್ಲ. ಮೊಸರಿಗೆ 'ಯಾವೂರ್ ನಾತ್ಯುರ್', ಮಜ್ಜಿಗೆಗೆ ಉತ್ತರ ಆಫ್ರಿಕಾದವರ 'ಲ್ಬೆನ್' ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುತ್ತವೆ.

ಸೊಕ್ಕಾ ಮನೆಯಲ್ಲೇ ಮಾಡಿ ನೋಡಿದೆ. ಹೊರಗೆ ಅಂಟಿಕೊಂಡಿತು, ಒಳಗೆ ಹಸಿ ವಾಸನೆ. ತಪ್ಪೆಲ್ಲಿ?
— ಮಂಡ್ಯ

ಎರಡು ಕಡೆ ಇರಬಹುದು. ಮೊದಲನೆಯದು ಹಿಟ್ಟು. ಅವರದು ಕಾಬೂಲ್ ಕಡಲೆಯ ಹಿಟ್ಟು, ನಮ್ಮದು ಕಡಲೆಬೇಳೆಯ ಹಿಟ್ಟು. ನಮ್ಮದು ನುಣ್ಣಗಿದ್ದು ನೀರು ಕಡಿಮೆ ಕುಡಿಯುತ್ತದೆ. ಅಲ್ಲಿನ ಅಳತೆ 250 ಗ್ರಾಂ ಹಿಟ್ಟಿಗೆ 500 ಮಿ.ಲೀ. ನೀರು, ನಮ್ಮ ಹಿಟ್ಟಿಗೆ 425 ಮಿ.ಲೀ. ಸಾಕು. ಒಂದು ಚಮಚ ಉಪ್ಪು, ಮೂರು ದೊಡ್ಡ ಚಮಚ ಆಲಿವ್ ಎಣ್ಣೆ ಹಾಕಿ ಗಂಟಿಲ್ಲದಂತೆ ಕಲಸಿ, ಕನಿಷ್ಠ ಎರಡು ಗಂಟೆ ಬಿಡಿ. ಹಸಿ ವಾಸನೆ ಹೋಗಲು ಈ ನೆನೆಯುವಿಕೆ ಬೇಕೇ ಬೇಕು. ಮೇಲೆ ಬಂದ ನೊರೆ ತೆಗೆಯಿರಿ.

ಎರಡನೆಯದು ಬಿಸಿ. ಓವನ್ 250 ಡಿಗ್ರಿಗೆ ಏರಿದ ಮೇಲೆ ದಪ್ಪ ತಟ್ಟೆಯನ್ನು ಖಾಲಿಯಾಗಿಯೇ ಹತ್ತು ನಿಮಿಷ ಒಳಗಿಟ್ಟು ಕಾಯಿಸಿ, ಎರಡು ಚಮಚ ಎಣ್ಣೆ ಸುರಿದು, ಹಿಟ್ಟು ಹೊಯ್ದಾಗ ಚುಂಯ್ ಎನ್ನಬೇಕು. ತಣ್ಣನೆ ತಟ್ಟೆಗೆ ಹೊಯ್ದರೆ ಖಂಡಿತ ಅಂಟುತ್ತದೆ. ಹಿಟ್ಟಿನ ಪದರ 3-4 ಮಿ.ಮೀ. ದಾಟಬಾರದು. ಹತ್ತು ನಿಮಿಷ ಬೇಯಿಸಿ, ಕೊನೆಯ ಎರಡು ನಿಮಿಷ ಮೇಲಿನ ಗ್ರಿಲ್ ಹಾಕಿದರೆ ಅಲ್ಲಲ್ಲಿ ಕಪ್ಪು ಚುಕ್ಕೆ ಬರುತ್ತದೆ. ಆ ಸುಟ್ಟ ಚುಕ್ಕೆಯಲ್ಲೇ ಸೊಕ್ಕಾದ ರುಚಿ ಇರುವುದು. ಓವನ್ ಇಲ್ಲದವರು ಕಬ್ಬಿಣದ ಕಾವಲಿಯಲ್ಲಿ ಮಗುಚಿ ಹಾಕಬಹುದು, ಆದರೆ ಅದು ದೋಸೆಯೇ ಆಗುತ್ತದೆ. ಜೀರಿಗೆ, ಹಸಿಮೆಣಸು, ಅಕ್ಕಿಹಿಟ್ಟು ಏನೂ ಬೇಡ. ಮೇಲೆ ಹೊಸದಾಗಿ ಕುಟ್ಟಿದ ಕಾಳುಮೆಣಸು ಉದುರಿಸಿ, ಬಿಸಿ ಇರುವಾಗಲೇ ಕೈಯಲ್ಲಿ ಮುರಿದು ತಿನ್ನಬೇಕು. ಆರಿದ ಸೊಕ್ಕಾ ಚರ್ಮದಂತಾಗುತ್ತದೆ. ನೀಸ್‌ನಲ್ಲೂ ಅಷ್ಟೇ: ಗಾಜಿನ ಪೆಟ್ಟಿಗೆಯಲ್ಲಿ ಇಟ್ಟದ್ದನ್ನು ಬಿಟ್ಟು, ಒಲೆಯಿಂದ ಈಗ ಇಳಿಯುವ ತಟ್ಟೆಗಾಗಿ ಸಾಲಿನಲ್ಲಿ ನಿಲ್ಲಿ.

ಆರು ದಿನದಲ್ಲಿ ನೀಸ್, ಮೊನಾಕೊ, ಕಾನ್, ಮಾರ್ಸೇ ನಾಲ್ಕನ್ನೂ ನೋಡಬೇಕು. ಪ್ರತಿ ಊರಲ್ಲೂ ಹೋಟೆಲ್ ಹಿಡಿಯಬೇಕೇ?
— ಸರಸ್ವತಿಪುರಂ, ಮೈಸೂರು

ಮಾರ್ಸೇ ಬಿಟ್ಟುಬಿಡಿ, ಇಲ್ಲವೇ ಅದಕ್ಕೆಂದೇ ಎರಡು ರಾತ್ರಿ ಕೊಡಿ. ನೀಸ್‌ನಿಂದ ರೈಲಿನಲ್ಲಿ ಅಲ್ಲಿಗೆ ಎರಡೂವರೆ ಗಂಟೆಗೂ ಹೆಚ್ಚು. ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಅಲ್ಲಿನ ಕಲಾಂಕ್ ಎಂಬ ಸುಣ್ಣಕಲ್ಲಿನ ಕಡಲ ಕಂದರಗಳು 2012ರಿಂದ ರಾಷ್ಟ್ರೀಯ ಉದ್ಯಾನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಳ್ಗಿಚ್ಚಿನ ಭಯದಿಂದ ಕಾಲುದಾರಿ ಮುಚ್ಚಬಹುದು, ಹಿಂದಿನ ಸಂಜೆಯೇ ಪ್ರಕಟಣೆ ನೋಡಬೇಕು. ಸೂಜಿತೋಂ ಕಂದರಕ್ಕಂತೂ ಬೇಸಿಗೆಯಲ್ಲಿ ಮುಂಗಡ ಕಾಯ್ದಿರಿಸಬೇಕು. ಹಣವಿಲ್ಲ, ಆದರೆ ಜಾಗಕ್ಕೆ ಮಿತಿಯಿದೆ. ಮಿಸ್ತ್ರಾಲ್ ಎಂಬ ಉತ್ತರದ ಜೋರು ಗಾಳಿ ಎದ್ದರೆ ಮಾರ್ಸೇ ಎದುರಿನ ಇಫ್ ದ್ವೀಪದ ದೋಣಿಯೂ ನಿಲ್ಲುತ್ತದೆ.

ಉಳಿದ ಮೂರಕ್ಕೆ ನೀಸ್ ಒಂದರಲ್ಲೇ ತಂಗಿದರೆ ಸಾಕು. ತೀರದುದ್ದಕ್ಕೂ ಓಡುವ ಪ್ರಾದೇಶಿಕ ರೈಲಿನಲ್ಲಿ ಮೊನಾಕೊ ಸುಮಾರು 25 ನಿಮಿಷ, ಇಟಲಿ ಗಡಿಯ ಪಕ್ಕದ ಮಾಂತೋಂ ಸುಮಾರು 40, ಪಶ್ಚಿಮಕ್ಕೆ ಕಾನ್ ಅರ್ಧ ಗಂಟೆಗೆ ತುಸು ಹೆಚ್ಚು. ಮೊನಾಕೊ ಕಡೆ ಹೋಗುವಾಗ ಬಲಗಡೆ ಕುಳಿತರೆ ಕಡಲು ಕಾಣುತ್ತದೆ. ಇಟಲಿಯ ವೆಂತಿಮಿಲಿಯಾ ಸಂತೆಗೆ ಹೋಗುವುದಾದರೆ ಪಾಸ್‌ಪೋರ್ಟ್ ಜೊತೆಗಿರಲಿ. ಷೆಂಗೆನ್ ಒಳಗೇ ಇದ್ದರೂ ಹಿಂದಿರುಗುವಾಗ ಫ್ರೆಂಚ್ ಪೊಲೀಸರು ರೈಲಿನಲ್ಲಿ ತಪಾಸಣೆ ಮಾಡುತ್ತಾರೆ.

ವಾರದ ರಜೆ ನೋಡಿಕೊಂಡು ದಿನ ಹಂಚಿ. ಇಲ್ಲಿ ಎಡವುವವರೇ ಹೆಚ್ಚು. ನೀಸ್‌ನ ಶಗಾಲ್ ಮತ್ತು ಮಾತೀಸ್ ಮ್ಯೂಸಿಯಂಗಳಿಗೆ ಮಂಗಳವಾರ ರಜೆ, ಕಾನ್ ದಾರಿಯಲ್ಲಿ ಸಿಗುವ ಆಂತೀಬ್‌ನ ಪಿಕಾಸೊ ಮ್ಯೂಸಿಯಂಗೆ ಸೋಮವಾರ. ಕೂರ್ ಸಲೇಯದಲ್ಲಿ ಸೋಮವಾರ ಹೂವು-ತರಕಾರಿಯ ಬದಲು ಹಳೆಯ ಸಾಮಾನಿನ ಸಂತೆ. ಹಾಗಾಗಿ ಸೋಮವಾರ ಮೊನಾಕೊ-ಮಾಂತೋಂ, ಮಂಗಳವಾರ ಆಂತೀಬ್-ಕಾನ್ ಇಟ್ಟುಕೊಳ್ಳಿ, ನೀಸ್ ಉಳಿದ ದಿನಗಳಿಗಿರಲಿ. ಮೊನಾಕೊ ಅರಮನೆಯ ಕಾವಲು ಬದಲಾವಣೆ 11.55ಕ್ಕೆ. ನೀಸ್‌ನ ಕೋಟೆ ಗುಡ್ಡಕ್ಕೆ ಉಚಿತ ಲಿಫ್ಟ್ ಇದೆ. 1706ರಲ್ಲಿ 14ನೇ ಲೂಯಿಯ ಆಜ್ಞೆಯಂತೆ ಕೋಟೆ ಕೆಡವಿದ್ದರಿಂದ ಮೇಲೆ ಹುಡುಕಿದರೆ ಕೋಟೆ ಸಿಗದು, ಹತ್ತುವುದು ಕೊಲ್ಲಿಯ ನೋಟಕ್ಕಾಗಿ. ನಡುಹಗಲು 12ಕ್ಕೆ ಫಿರಂಗಿಯಂಥ ಸದ್ದು ಕೇಳಿದರೆ ಬೆಚ್ಚಬೇಡಿ, ದಿನವೂ ಉಂಟು.

ಕಾಲು ಗಟ್ಟಿ ಇದ್ದವರು ಎಜ಼್ ರೈಲು ನಿಲ್ದಾಣದಿಂದ ಬೆಟ್ಟದ ತುದಿಯ ಹಳ್ಳಿಗೆ ಜರ್ಮನ್ ತತ್ತ್ವಜ್ಞಾನಿ ನೀಚೆಯ ಹೆಸರಿನ ಕಾಲುದಾರಿ ಹಿಡಿಯಬಹುದು. ಒಂದರಿಂದ ಒಂದೂವರೆ ಗಂಟೆ ಏರು, ನೆರಳು ಕಡಿಮೆ. ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಬೆಳಗಿನ ಜಾವ ಹತ್ತುವಂತೆ ಇದನ್ನೂ ಬಿಸಿಲೇರುವ ಮುಂಚೆ ಹತ್ತಿ. ಮಂಡಿ ನೋವಿದ್ದವರು ಬಸ್ಸಿನಲ್ಲಿ ಹೋಗಲಿ.

ಮೀನು ಪ್ರಿಯರು ನಾವು. ಬೂಯಾಬೇಸ್ ಎಂಬ ಮೀನು ಸಾರಿನ ಬೆಲೆ ನೋಡಿ ಗಾಬರಿಯಾಯಿತು. ಅಷ್ಟು ಕೊಡುವಂಥದ್ದೇ?
— ಶ್ರೀರಂಗಪಟ್ಟಣ

ಮಾರ್ಸೇಯಲ್ಲಿ ಸರಿಯಾಗಿ ಮಾಡುವ ಕಡೆಯಾದರೆ ಒಮ್ಮೆ ತಿನ್ನಬೇಕಾದದ್ದೇ. ಮಾರಾಟವಾಗದೆ ಉಳಿದ ಬಂಡೆಮೀನನ್ನು ಬೆಸ್ತರು ಬೇಯಿಸಿಕೊಂಡದ್ದು ಇದರ ಮೂಲ. ಸಣ್ಣ ಮೀನನ್ನು ಈರುಳ್ಳಿ, ಟೊಮೆಟೊ, ಬೆಳ್ಳುಳ್ಳಿ, ಸೋಂಪು ಗಡ್ಡೆ, ಕೇಸರಿ ಜೊತೆ ಕುದಿಸಿ ಸೋಸುತ್ತಾರೆ. ಆ ಸಾರಿನಲ್ಲಿ ದೊಡ್ಡ ಮೀನುಗಳನ್ನು ಜೋರು ಉರಿಯಲ್ಲಿ ಬೇಯಿಸುತ್ತಾರೆ; ಹಾಗೆ ಕುದಿದಾಗಲೇ ಎಣ್ಣೆ ನೀರಿನೊಡನೆ ಬೆರೆತು ಸಾರು ಮಂದವಾಗುವುದು. ಅಲ್ಲಿನ ಹೋಟೆಲಿನವರು 1980ರಲ್ಲಿ ಮಾಡಿಕೊಂಡ ಒಪ್ಪಂದದಂತೆ, ಗೊತ್ತಾದ ಪಟ್ಟಿಯಿಂದ ಕನಿಷ್ಠ ನಾಲ್ಕು ಬಗೆಯ ಮೀನು ಇರಬೇಕು. ತಾಜಾ ಮೀನು ಅಷ್ಟು ಬೇಕಾಗುವುದರಿಂದಲೇ ಬೆಲೆ. ಅಗ್ಗಕ್ಕೆ ಬೋರ್ಡ್ ಹಾಕಿದ್ದರೆ ಅನುಮಾನಿಸಿ. ಹಲವು ಕಡೆ ಹಿಂದಿನ ದಿನವೇ ಹೇಳಬೇಕು, ಇಬ್ಬರಿಗಿಂತ ಕಡಿಮೆ ಜನಕ್ಕೆ ಮಾಡುವುದಿಲ್ಲ.

ಮೊದಲು ಸಾರು, ಬೆಳ್ಳುಳ್ಳಿ ತಿಕ್ಕಿದ ಒಣ ಬ್ರೆಡ್, ಅದಕ್ಕೆ ಸವರಲು ರೂಯ್ ಎಂಬ ಕೆಂಪು ಗೊಜ್ಜು ಬರುತ್ತದೆ. ಮೀನು ಬೇರೆ ತಟ್ಟೆಯಲ್ಲಿ. ನಮ್ಮ ಮೀನು ಸಾರಿನ ಹುಣಸೆ, ಖಾರ ಹುಡುಕಿದರೆ ನಿರಾಸೆಯಾಗುತ್ತದೆ. ಅದು ಕೇಸರಿ ಮತ್ತು ಸೋಂಪಿನ ಘಮದ ಸಾರು. ಖರ್ಚು ಬೇಡವೆಂದರೆ 'ಸೂಪ್ ದ ಪ್ವಾಸೋಂ' ಕೇಳಿ. ಮೀನಿನ ತುಂಡಿಲ್ಲದ ಅದೇ ಬಗೆಯ ಸಾರು, ಬೆಲೆ ಬಹಳ ಕಡಿಮೆ.

6 ಮತ್ತು 9 ವರ್ಷದ ಮಕ್ಕಳಿದ್ದಾರೆ. ನೀಸ್‌ನಲ್ಲಿ ಮರಳಲ್ಲಿ ಆಡಬಹುದೇ?
— ಮದ್ದೂರು

ನೀಸ್ ತೀರದಲ್ಲಿ ಮರಳಿಲ್ಲ, ಬರೀ ಉರುಟು ಕಲ್ಲು. ನೀರಿಗಿಳಿದ ಕೆಲವೇ ಹೆಜ್ಜೆಗೆ ಆಳ ಬರುತ್ತದೆ. ಅಲೆ ಇರುವ ದಿನ ಕಾಲಡಿಯ ಕಲ್ಲು ಜಾರಿ ದೊಡ್ಡವರೂ ಬೀಳುತ್ತಾರೆ. ಕೆಂಪು ಬಾವುಟವಿದ್ದರೆ ಇಳಿಯಲೇಬೇಡಿ. ಮಕ್ಕಳಿಗೆ ಆಂತೀಬ್, ಜ್ವಾಂ-ಲೆ-ಪ್ಯಾಂ, ಕಾನ್‌ನ ಮರಳ ತೀರ ಸರಿ. ಎಲ್ಲರಿಗೂ ರಬ್ಬರ್ ಅಟ್ಟೆಯ ನೀರಿನ ಚಪ್ಪಲಿ ಇಲ್ಲಿಂದಲೇ ಒಯ್ಯಿರಿ. ಚುಚ್ಚುವ ಲೋಳೆಮೀನು ಕೆಲವು ದಿನ ಬರುತ್ತದೆ, ಕಾವಲುಗಾರರನ್ನು ಕೇಳಿ ಇಳಿಯಿರಿ. ಖಾಸಗಿ ಮಂಚ-ಕೊಡೆಗೆ ಬಾಡಿಗೆ ಕೊಡಬೇಕಿಲ್ಲ, ಪಕ್ಕದಲ್ಲೇ ಸಾರ್ವಜನಿಕ ಜಾಗವಿರುತ್ತದೆ.

ತುಪ್ಪ, ಮೈಸೂರು ಪಾಕ್, ಕರಿಬೇವು, ರಸಬಾಳೆ ಒಯ್ಯಬಹುದೇ?
— ನಂಜನಗೂಡು ರಸ್ತೆ, ಮೈಸೂರು

ತುಪ್ಪ, ಪನೀರ್, ಖೋವಾ ಬೇಡ. ಹಾಲಿನ ಪದಾರ್ಥ ಮತ್ತು ಮಾಂಸವನ್ನು ಪ್ರಯಾಣಿಕರು ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ. ತುಪ್ಪದಲ್ಲೇ ಮುಳುಗಿದ ಮೈಸೂರು ಪಾಕನ್ನೂ ಮನೆಯಲ್ಲೇ ಬಿಡುವುದು ಒಳ್ಳೆಯದು. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆ, ತೆಂಗು, ಅನಾನಸ್, ಖರ್ಜೂರ, ಡುರಿಯನ್ ಐದಕ್ಕೆ ಮಾತ್ರ ವಿನಾಯಿತಿ. ರಸಬಾಳೆಗೆ ಕಾನೂನಿನ ಅಡ್ಡಿಯಿಲ್ಲ, ಆದರೆ ಸೂಟ್‌ಕೇಸಿನಲ್ಲಿ ಹಿಸುಕಿಹೋಗುತ್ತದೆ. ಹುಳಿಪುಡಿ, ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ.

ದಸರಾ ರಜೆಯಲ್ಲಿ ಹೋದರೆ ಹವೆ ಹೇಗೆ? ಗ್ರಾಸ್ ಊರಿನ ಮಲ್ಲಿಗೆ ನಮ್ಮ ಮೈಸೂರು ಮಲ್ಲಿಗೆಯೇ?
— ಚಾಮರಾಜಪುರಂ, ಮೈಸೂರು

ಅಕ್ಟೋಬರ್ ಮೊದಲ ಭಾಗದಲ್ಲಿ ಕಡಲು ಇನ್ನೂ ಈಜುವಷ್ಟು ಬೆಚ್ಚಗಿರುತ್ತದೆ, ಜನಜಂಗುಳಿ ಕರಗಿರುತ್ತದೆ. ಆದರೆ ಶರತ್ಕಾಲದಲ್ಲಿ ಅಲ್ಲಿ ಮಳೆ ಒಮ್ಮೆಲೇ ಸುರಿಯುತ್ತದೆ, ಎಚ್ಚರಿಕೆ ಕೊಟ್ಟ ದಿನ ಕಣಿವೆ ದಾರಿ ಹಿಡಿಯಬೇಡಿ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, ಹೊರಡಲು 15 ದಿನ ಉಳಿದಿರುವಾಗಲಾದರೂ ಹಾಕಿರಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಬೇಸಿಗೆ ಹೊತ್ತಿಗೇ ಕೆಲಸ ಶುರುಮಾಡಿ.

ಗ್ರಾಸ್‌ನದು ನಮ್ಮಲ್ಲಿ ಜಾಜಿ ಎನ್ನುವ ಹೂವು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಮುಂಜಾನೆ ಕೀಳುತ್ತಾರೆ, ಒಂದು ಕಿಲೋಗೆ ಸುಮಾರು 8,000ದಿಂದ 10,000 ಹೂ ಬೇಕು. ಜಾಜಿಯ ಘಮ ಹಬೆಯ ಬಿಸಿಗೆ ಕೆಡುವುದರಿಂದ ಹಿಂದೆ ಗಾಜಿನ ಮೇಲೆ ಕೊಬ್ಬು ಸವರಿ, ಹೂ ಹರಡಿ, ವಾಸನೆ ಹೀರಿಸುತ್ತಿದ್ದರು. ಈಗ ದ್ರಾವಕ ಬಳಸುತ್ತಾರೆ. ಆ ಸೀಮೆಯ ಸುಗಂಧ ವಿದ್ಯೆ 2018ರಲ್ಲಿ ಯುನೆಸ್ಕೊ ಪಟ್ಟಿ ಸೇರಿದೆ. ನೀಸ್‌ನಿಂದ ರೈಲಿನಲ್ಲಿ ಒಂದು ಗಂಟೆಗೆ ತುಸು ಹೆಚ್ಚು, ನಿಲ್ದಾಣದಿಂದ ಹಳೆಯ ಊರಿಗೆ ಏರುದಾರಿ. ಗಿಡಗಳನ್ನೇ ನೋಡುವ ಆಸೆಯಿದ್ದರೆ ಒಂದು ನಿಲ್ದಾಣ ಮುಂಚೆ ಮೂವಾಂ-ಸಾರ್ತೂನಲ್ಲಿ ಇಳಿದು ಸುಗಂಧ ಮ್ಯೂಸಿಯಂನ ತೋಟಕ್ಕೆ ಹೋಗಿ. ಅತ್ತರು ಕೊಂಡರೆ 100 ಮಿ.ಲೀ. ಮೀರಿದ ಸೀಸೆ ವಿಮಾನದ ಕೈಚೀಲದಲ್ಲಿ ಬೇಡ. ಮುಚ್ಚಳಕ್ಕೆ ಟೇಪು ಸುತ್ತಿ, ದೊಡ್ಡ ಸೂಟ್‌ಕೇಸಿನ ನಡುವೆ ಬಟ್ಟೆಯೊಳಗೆ ಇಡಿ.