ಅಯಾನಿಕ್ ಬಂಧ ಹೇಗೆ ಆಗುತ್ತದೆ, ಕೋವೇಲೆಂಟ್ ಬಂಧಕ್ಕಿಂತ ಹೇಗೆ ಬೇರೆ?

ನಮ್ಮ ಮಲೆನಾಡಿನಲ್ಲಿ ಅಪ್ಪೆಮಿಡಿಗೆ ಹಾಕುವ ಕಲ್ಲುಪ್ಪಿನ ಒಂದು ಹರಳು ಕೈಗೆ ತಗೊಳ್ಳಿ. ಅದು ಸೋಡಿಯಂ ಮತ್ತು ಕ್ಲೋರಿನ್ ಸೇರಿ ಆದದ್ದು. ಸೋಡಿಯಂನ 11 ಎಲೆಕ್ಟ್ರಾನ್‌ಗಳಲ್ಲಿ ಹೊರಸುತ್ತಿನಲ್ಲಿರುವುದು ಒಂದೇ. ಅದನ್ನು ಬಿಟ್ಟುಕೊಡುತ್ತದೆ. ಕ್ಲೋರಿನ್‌ನ ಹೊರಸುತ್ತಿನಲ್ಲಿ 7 ಇವೆ, ಇನ್ನೊಂದು ಬೇಕು. ಹೀಗೆ ಎಲೆಕ್ಟ್ರಾನ್ ಕೊಟ್ಟದ್ದು ಧನ ಅಯಾನು (ಅಯಾನು ಅಂದರೆ ವಿದ್ಯುದಾವೇಶವಿರುವ ಪರಮಾಣು), ಪಡೆದದ್ದು ಋಣ ಅಯಾನು, ಇಲ್ಲಿ ಅದರ ಹೆಸರು ಕ್ಲೋರೈಡ್. ಇವೆರಡರ ನಡುವಿನ ಸೆಳೆತವೇ ಅಯಾನಿಕ್ ಬಂಧ. ಇಲ್ಲಿ ಬಿಡಿ ಜೋಡಿ ಅಂತ ಇರುವುದಿಲ್ಲ. ಹರಳಿನೊಳಗೆ ಪ್ರತಿ ಸೋಡಿಯಂ ಸುತ್ತ 6 ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ 6 ಸೋಡಿಯಂ. ಈ ಬಿಗಿ ಸಡಿಲವಾಗಿ ಉಪ್ಪು ಕಾದು ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು! ಬಾಣಲೆಯಲ್ಲಿ ಹುರಿದರೆ ಸುಮ್ನೆ ಚಟಪಟ ಅನ್ನುತ್ತದೆ, ಅಷ್ಟೇ.

ಕೋವೇಲೆಂಟ್‌ನಲ್ಲಿ ಪರಮಾಣುಗಳು ಎಲೆಕ್ಟ್ರಾನ್ ಕೊಡುವುದಿಲ್ಲ, ಹಂಚಿಕೊಳ್ಳುತ್ತವೆ. ಆಗುಂಬೆಯ ಮಳೆಹನಿಯಲ್ಲಿ ಆಕ್ಸಿಜನ್ ಎರಡು ಹೈಡ್ರೋಜನ್‌ಗಳ ಜೊತೆ ಹಾಗೇ ಇರುತ್ತದೆ. ಸಕ್ಕರೆಯೂ ಹೀಗೇ. ಅದಕ್ಕೇ ಉಪ್ಪುನೀರಿನಲ್ಲಿ ಕರೆಂಟ್ ಹರಿಯುವಂತೆ ಸಕ್ಕರೆ ನೀರಿನಲ್ಲಿ ಹರಿಯುವುದಿಲ್ಲ: ಅಲ್ಲಿ ಓಡಾಡಲು ಅಯಾನುಗಳೇ ಇಲ್ಲ, ಅಲ್ವಾ?